ಅನಾತೋತಿನ ಖರೀದಿ ಪತ್ರ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಕರ್ತನಲ್ಲಿ ವಂದನೆಗಳು. ಹಾವೇರಿಯಿಂದ ನೀನು ಬರೆದ ಪತ್ರ ಕೈ ಸೇರಿತು. ಇದೇ ಕಾಯುವಿಕೆಯಲ್ಲಿರುವ ಬೇರೆಯವರೂ ಓದಲಿ, ಹೆಸರೊಂದು ಬೇಡ ಎಂದು ನೀನೇ ಹೇಳಿದ್ದರಿಂದ ಉತ್ತರವನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನೀನು ಕೇಳಿದ ಪ್ರಶ್ನೆ ಇದು: ಇಷ್ಟು ಕಾದರೂ ನಮಗೆ ಮಕ್ಕಳಾಗಲಿಲ್ಲ, ದೇವರು ಕೊಟ್ಟ ಮಾತಿಗೆ ತಪ್ಪಿದನೋ, ಇಲ್ಲ ನಮ್ಮಿಬ್ಬರ ನಂಬಿಕೆಯೇ ಸಾಲಲಿಲ್ಲವೋ, ಎರಡರಲ್ಲಿ ಒಂದು ನಿಜವಿರಲೇಬೇಕಲ್ಲ? ಎರಡೂ ನಿಜವಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಯಾಕೆ ಎಂದು ಹೇಳುತ್ತೇನೆ, ಸ್ವಲ್ಪ ಸಾವಕಾಶವಾಗಿ ಓದು. ನಿನ್ನ ಹೆಂಡತಿ, ನಮ್ಮ ವೈನಿಯವರಿಗೂ ಓದಿ ಹೇಳು.

ಮೊದಲು ಹುಬ್ಬಳ್ಳಿಯ ಆ ಕೂಟದ ವಿಷಯ. ನಿಮ್ಮಿಬ್ಬರನ್ನು ಎಲ್ಲರ ಮುಂದೆ ಕರೆದು, ತಲೆಯ ಮೇಲೆ ಕೈಯಿಟ್ಟು, ಬರುವ ವರ್ಷ ಇದೇ ಹೊತ್ತಿಗೆ ಮಡಿಲಲ್ಲಿ ಕೂಸು ಇರುತ್ತದೆ ಎಂದು ಆ ಬೋಧಕರು ಹೇಳಿದರು. ಅದು ಶೂನೇಮ್ ಎಂಬ ಊರಿನ ಹೆಂಗಸಿಗೆ ಪ್ರವಾದಿ ಎಲೀಷನು ಆಡಿದ ಮಾತು, ಬೈಬಲಿನ ಎರಡನೆಯ ಅರಸುಗಳ ಪುಸ್ತಕದ 4ನೆಯ ಅಧ್ಯಾಯದಲ್ಲಿದೆ. ಎಲೀಷನು ಹೇಳಿದಂತೆಯೇ ಆಕೆಗೆ ಮಗ ಹುಟ್ಟಿದನು. ಆದರೆ ಒಬ್ಬಳಿಗೆ ಹೇಳಿದ ಮಾತನ್ನು ಎತ್ತಿ ಮತ್ತೊಬ್ಬಳ ಉಡಿಗೆ ಹಾಕಲು ಆ ಬೋಧಕರಿಗೆ ಯಾರು ಅಧಿಕಾರ ಕೊಟ್ಟರು?

ನನ್ನ ಕಸುಬು ನಿನಗೆ ಗೊತ್ತು. ಗದಗಿನ ನೋಂದಣಿ ಕಚೇರಿಯ ಎದುರು ಕುಳಿತು ಖರೀದಿ ಪತ್ರ, ವಾಟ್ನಿ (ಪಾಲು) ಪತ್ರ ಬರೆಯುವವನು ನಾನು. ಯಾರಾದರೂ ಹೊಲ ಮಾರಲು ಬಂದರೆ ಮೊದಲು ಕೇಳುವುದು ಉತಾರವನ್ನು, ಅಂದರೆ ಹೊಲ ಯಾರ ಹೆಸರಿನಲ್ಲಿದೆ ಎಂದು ತೋರಿಸುವ ಕಾಗದವನ್ನು. ಉತಾರ ಬೇರೆಯವರ ಹೆಸರಿನಲ್ಲಿದ್ದರೆ, ಬರವಣಿಗೆ ಎಷ್ಟೇ ಅಂದವಾಗಿದ್ದರೂ ಆ ಕಾಗದ ನಿಲ್ಲುವುದಿಲ್ಲ. ಆ ಬೋಧಕರು ನಿಮಗೆ ಕೊಟ್ಟದ್ದು ಅಂಥದೇ ಕಾಗದ. ತಮ್ಮದಲ್ಲದ ಹೊಲವನ್ನು ಕೊಟ್ಟುಬಿಟ್ಟರು. ವರ್ಷ ತುಂಬಿತು, ಕಾಗದ ಸುಳ್ಳಾಯಿತು. ಅದಕ್ಕಾಗಿ ಹೊಲದ ಒಡೆಯನನ್ನು ಮಾತಿಗೆ ತಪ್ಪಿದವನು ಎನ್ನಬೇಡ. ಆತನು ಆ ಕಾಗದಕ್ಕೆ ಸಹಿ ಹಾಕಿರಲಿಲ್ಲ. ನಿಮ್ಮಿಬ್ಬರ ಕಣ್ಣೀರು ನೆನೆದರೆ ನನಗೆ ಆ ಬೋಧಕರ ಮೇಲೆ ಈಗಲೂ ಸಿಟ್ಟು ಬರುತ್ತದೆ. ದೇವರ ಹೆಸರು ಹೇಳಿ ದಿನಾಂಕ ಗೊತ್ತು ಮಾಡುವುದು ಸಣ್ಣ ವಿಷಯವಲ್ಲ.

ಇದು ಹೊಸದೂ ಅಲ್ಲ. ಪ್ರವಾದಿ ಯೆರೆಮೀಯನ ಪುಸ್ತಕದ 28ನೆಯ ಅಧ್ಯಾಯ ತೆಗೆದು ನೋಡು. ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರನು ಯೆರೂಸಲೇಮಿನ ಅರಸನನ್ನೂ ಸಾವಿರಾರು ಜನರನ್ನೂ ಬಾಬೆಲಿಗೆ ಸೆರೆಯೊಯ್ದ ಮೇಲಿನ ಸಂಗತಿ. ಹನನ್ಯನೆಂಬ ಪ್ರವಾದಿ ದೇವಾಲಯದಲ್ಲಿ ನಿಂತು, ಇನ್ನು ಎರಡು ವರ್ಷದೊಳಗೆ ಎಲ್ಲರೂ ಹಿಂದಿರುಗುತ್ತಾರೆ ಎಂದು ಸಾರಿದನು. ಬಾಬೆಲಿಗೆ ಅಧೀನರಾಗಿರಿ ಎಂಬುದರ ಗುರುತಾಗಿ ಯೆರೆಮೀಯನು ಹೆಗಲ ಮೇಲೆ ಹೊತ್ತಿದ್ದ ಮರದ ನೊಗವನ್ನು ಎಲ್ಲರ ಕಣ್ಣೆದುರು ಮುರಿದೇ ಹಾಕಿದನು. ಜನರಿಗೆ ಎಷ್ಟು ಸಂತೋಷವಾಗಿರಬೇಕು! ಯೆರೆಮೀಯನು ಕೂಡ ಮೊದಲು ಆಮೆನ್ ಎಂದೇ ಅಂದನು, ಯೆಹೋವನು ಹಾಗೆಯೇ ಮಾಡಲಿ ಎಂದನು. ಅವನಿಗೂ ಅದೇ ಬೇಕಿತ್ತು. ಆ ಆಮೆನ್ ಓದಿದಾಗಲೆಲ್ಲ ನನಗೆ ನಿನ್ನ ಅವ್ವನ ಮುಖ ನೆನಪಾಗುತ್ತದೆ. ಮೊಮ್ಮಗುವನ್ನು ಎತ್ತಿಕೊಳ್ಳಬೇಕೆಂಬ ಅವರ ಆಸೆಯಲ್ಲಿ ಒಂದಿಷ್ಟೂ ತಪ್ಪಿಲ್ಲ.

ಆದರೆ ದೇವರ ಮಾತು ಬೇರೆಯೇ ಇತ್ತು. ಯೆರೆಮೀಯನು ಸೆರೆಯಲ್ಲಿದ್ದವರಿಗೆ ಒಂದು ಪತ್ರ ಬರೆದು ಕಳುಹಿಸಿದನು, ಅದೇ 29ನೆಯ ಅಧ್ಯಾಯ. ಅದರ 11ನೆಯ ವಚನ ನಮ್ಮ ಸಭೆಯವರಲ್ಲಿ ಯಾರ ಮನೆಯ ಕ್ಯಾಲೆಂಡರಿನಲ್ಲಿ ಇಲ್ಲ ಹೇಳು? ನಿಮಗೆ ಕೇಡನ್ನಲ್ಲ, ಒಳ್ಳೆಯದನ್ನೇ ಮಾಡಬೇಕೆಂದಿದ್ದೇನೆ, ಒಳ್ಳೆಯ ಮುಂಗತಿ ಕೊಡುತ್ತೇನೆ ಎಂಬ ಮಾತು. ಅದರ ಮೇಲಿನ 10ನೆಯ ವಚನವನ್ನು ಮಾತ್ರ ಯಾರೂ ಅಚ್ಚು ಹಾಕಿಸುವುದಿಲ್ಲ. ಅಲ್ಲಿ 70 ವರ್ಷ ಎಂದಿದೆ. ಆ ಪತ್ರ ಓದಿಸಿ ಕೇಳಿದ 40 ವರ್ಷದವನಿಗೆ ತಾನು ಊರು ಕಾಣುವುದಿಲ್ಲ ಎಂದು ಅಲ್ಲಿಯೇ ತಿಳಿದಿರಬೇಕು. ಪತ್ರದ ಮೊದಲ ಮಾತುಗಳೋ, ಮನೆ ಕಟ್ಟಿಕೊಳ್ಳಿರಿ, ತೋಟ ಮಾಡಿ ಅದರ ಫಲ ತಿನ್ನಿರಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ. ಗಂಟು ಕಟ್ಟಿಕೊಂಡು ಬಾಗಿಲಲ್ಲಿ ಕುಳಿತಿರಿ ಎಂದು ದೇವರು ಹೇಳಲಿಲ್ಲ. ಕ್ರಿ.ಪೂ. 539ರಲ್ಲಿ ಪಾರಸಿಯ ಅರಸ ಕೋರೆಷನು ಬಾಬೆಲನ್ನು ಹಿಡಿದನು, ಯೆಹೂದ್ಯರಿಗೆ ಹಿಂದಿರುಗಲು ಅಪ್ಪಣೆಯಾಯಿತು. ಆ ಹೊತ್ತಿಗೆ ಪತ್ರ ಕೇಳಿದವರಲ್ಲಿ ಬಹಳ ಮಂದಿ ಬಾಬೆಲಿನ ಮಣ್ಣಿನಲ್ಲಿಯೇ ಇದ್ದರು. ಅವರಿಗೆ ದೇವರು ಮೋಸ ಮಾಡಿದನೇ? ಇಲ್ಲ. ಅವರು ನೆಟ್ಟ ತೋಟದಲ್ಲಿ, ಅವರು ಕಟ್ಟಿದ ಮನೆಯಲ್ಲಿ ಆತನು ಅವರೊಡನೆ ಇದ್ದನು.

ತಡವಾಯಿತೆಂದರೆ ಸುಳ್ಳಾಯಿತು ಎಂದು ನಮಗೆ ಬೇಗ ಅನಿಸುವುದಕ್ಕೆ ನಾವು ಬೆಳೆದ ನೆಲವೂ ಕಾರಣ. ಮಹದಾಯಿ ನದಿಯ ನೀರಿಗಾಗಿ ನರಗುಂದದ ರೈತರು 2015ರಲ್ಲಿ ಧರಣಿ ಕುಳಿತರು. ನ್ಯಾಯಮಂಡಳಿ 2018ರಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ನೀರು ಎಂದು ತೀರ್ಪು ಕೊಟ್ಟಿತು. ಆ ನದಿಗೆ ಸೇರುವ ಕಳಸಾ-ಬಂಡೂರಿ ಹಳ್ಳಗಳ ನೀರು ಮಾತ್ರ ಇನ್ನೂ ಮಲಪ್ರಭೆಗೆ ಬಂದಿಲ್ಲ. ಚುನಾವಣೆ ಬಂದಾಗ ಭರವಸೆ ಬರುತ್ತದೆ, ಚುನಾವಣೆಯೊಡನೆ ಹೋಗುತ್ತದೆ. ಇಂಥ ಮಾತುಗಳನ್ನು ಕೇಳಿ ಕೇಳಿ ಸೋತ ಕಿವಿಯಲ್ಲಿಯೇ ನಾವು ದೇವರ ಮಾತನ್ನೂ ಕೇಳುತ್ತೇವೆ. ಆತನನ್ನು ಆ ಸಾಲಿನಲ್ಲಿ ನಿಲ್ಲಿಸಬೇಡ.

ಇನ್ನು ನಂಬಿಕೆ ಸಾಲಲಿಲ್ಲ ಎಂಬ ಮಾತು. ವೈನಿಯವರ ಮನಸ್ಸಿನಲ್ಲಿ ಇದು ಮುಳ್ಳಿನಂತೆ ಕೂತಿದೆ ಎಂದು ಬರೆದಿದ್ದೀಯ. ಲೂಕನ ಸುವಾರ್ತೆಯ ಮೊದಲ ಅಧ್ಯಾಯವನ್ನು ಅವರ ಮುಂದೆ ಇಡು. ಜಕರೀಯ ಮತ್ತು ಎಲಿಸಬೇತರು ದೇವರ ದೃಷ್ಟಿಯಲ್ಲಿ ನೀತಿವಂತರು, ತಪ್ಪಿಲ್ಲದೆ ನಡೆದವರು ಎಂದು 6ನೆಯ ವಚನ ಹೇಳುತ್ತದೆ. ಅವರಿಗೆ ಮಕ್ಕಳಿರಲಿಲ್ಲ ಎಂದು 7ನೆಯದು ಹೇಳುತ್ತದೆ. ಎರಡೂ ಅಕ್ಕಪಕ್ಕದಲ್ಲಿಯೇ ಇವೆ. ಮದುವೆಮನೆಯ ಪಂಕ್ತಿಯಲ್ಲಿ ಏನಾದರೂ ವಿಶೇಷವಿದೆಯೇ ಎಂದು ಕೇಳುವ ಹೆಂಗಸರು ಈ ಎರಡು ವಚನಗಳನ್ನು ಒಮ್ಮೆ ಓದಿದ್ದರೆ ಸಾಕಿತ್ತು. ಮುಂದೆ ದೇವದೂತನು ಬಂದು ಹೇಳಿದಾಗ ಜಕರೀಯನು ನಂಬಲಿಲ್ಲ, ಮೂಕನಾದನು, ಆದರೂ ಯೋಹಾನನು ಹುಟ್ಟಿದನು. ಮುದಿವಯಸ್ಸಿನಲ್ಲಿ ಮಗ ಹುಟ್ಟುವನೆಂಬ ಮಾತು ಕೇಳಿ ಅಬ್ರಹಾಮನ ಹೆಂಡತಿ ಸಾರಳು ಗುಡಾರದೊಳಗೆ ನಕ್ಕಳು, ಆದರೂ ಇಸಾಕನು ಹುಟ್ಟಿದನು. ನಾವು ಅಪನಂಬಿಗಸ್ತರಾದರೂ ಆತನು ನಂಬಿಗಸ್ತನಾಗಿಯೇ ಇರುತ್ತಾನೆ ಎಂದು ಪೌಲನು ತಿಮೊಥೆಯನಿಗೆ ಬರೆದದ್ದು ಸುಮ್ಮನೆ ಅಲ್ಲ. ನಮ್ಮ ನಂಬಿಕೆಯನ್ನು ತೂಗಿ ನೋಡಿ ಅದಕ್ಕೆ ತಕ್ಕಷ್ಟು ಕೊಡುವ ದೇವರು ಆತನಲ್ಲ.

ಅಬ್ರಹಾಮನ ಲೆಕ್ಕ ನೋಡು. ದೇವರ ಮಾತು ಕೇಳಿ ಖಾರಾನ್ ಊರಿನಿಂದ ಹೊರಟಾಗ ಅವನಿಗೆ 75 ವರ್ಷ. ಸಾರಳ ದಾಸಿ ಹಾಗರಳಲ್ಲಿ ಇಷ್ಮಾಯೇಲನು ಹುಟ್ಟಿದಾಗ 86. ಆದಿಕಾಂಡದ 16ನೆಯ ಅಧ್ಯಾಯ ಅಲ್ಲಿಗೆ ಮುಗಿಯುತ್ತದೆ. 17ನೆಯದು ಶುರುವಾಗುವಾಗ ಅವನಿಗೆ 99. ನಡುವಿನ 13 ವರ್ಷಗಳ ಬಗ್ಗೆ ಒಂದು ಸಾಲೂ ಇಲ್ಲ. ದನ ಕಾಯ್ದದ್ದು, ಬಾವಿ ತೋಡಿದ್ದು, ಸಂಜೆ ಗುಡಾರಕ್ಕೆ ಮರಳಿದ್ದು ಏನೇ ಇರಲಿ, ಎಲ್ಲವೂ ಆ ಖಾಲಿ ಜಾಗದಲ್ಲಿದೆ. ನೀನೂ ವೈನಿಯವರೂ ಈಗ ಬದುಕುತ್ತಿರುವುದು ಅಂಥ ಜಾಗದಲ್ಲಿ. 100ನೆಯ ವರ್ಷದಲ್ಲಿ ಮಗ ಬಂದನು. ಆದರೆ ದೇಶವೆಲ್ಲ ನಿನ್ನದೇ ಎಂದು ಕೇಳಿಸಿಕೊಂಡ ಅದೇ ಮನುಷ್ಯ, ಸಾರಳನ್ನು ಮಣ್ಣು ಮಾಡಲು ಎಫ್ರೋನನೆಂಬ ಹಿತ್ತಿಯನಿಗೆ 400 ಶೆಕೆಲ್ ಬೆಳ್ಳಿ ತೂಗಿ ಕೊಟ್ಟು ಒಂದು ಹೊಲವನ್ನೂ ಅದರಲ್ಲಿದ್ದ ಗವಿಯನ್ನೂ ಕೊಳ್ಳಬೇಕಾಯಿತು. 175ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಆ ದೇಶದಲ್ಲಿ ಅವನದೆಂದು ಹೇಳಲು ಇದ್ದ ನೆಲ ಹೆಚ್ಚುಕಡಿಮೆ ಅಷ್ಟೇ. ಭೂಮಿಯ ಎಲ್ಲಾ ಕುಲದವರಿಗೂ ನಿನ್ನ ಮೂಲಕ ಆಶೀರ್ವಾದ ಎಂಬ ಮಾತಂತೂ ಅವನ ಕಾಲದಲ್ಲಿ ಕಣ್ಣಿಗೆ ಬೀಳಲೇ ಇಲ್ಲ. ಆ ಮಾತು ಯಾವಾಗ ನಡೆಯಿತು? ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದರು. ಆಮೇಲೆ ನಮ್ಮ ಬೆಟಗೇರಿಯಲ್ಲಿ ಕನ್ನಡದಲ್ಲಿ ಪ್ರಾರ್ಥನೆ ಕೇಳಿತು, ನನ್ನ ನಿನ್ನ ಮನೆತನಗಳು ಈ ದೇವರ ಹೆಸರು ಹಿಡಿದವು. ಅಬ್ರಹಾಮನಿಗೆ ಕೊಟ್ಟ ಮಾತು ನಡೆದದ್ದಕ್ಕೆ ನಾವೇ ಸಾಕ್ಷಿ. ಭಾನುವಾರ ಸಭೆಯಲ್ಲಿ ಎಲ್ಲರೊಡನೆ ಎದ್ದು ನಿಂತಾಗ ಇದು ನೆನಪಾಗಿ ನನ್ನ ಗಂಟಲು ಕಟ್ಟುತ್ತದೆ.

ಈಗ ನಾನು ನಿನಗೆ ಹೇಳಲೇಬೇಕಾದ ಕಷ್ಟದ ಮಾತು. ಅಬ್ರಹಾಮನಿಗೆ ಮಗನನ್ನು ಕೊಡುತ್ತೇನೆ ಎಂದು ದೇವರು ಹೇಳಿದ್ದನು. ನಿನಗೆ ಹಾಗೆ ಹೇಳಿಲ್ಲ. ನಂಬಿದವರಿಗೆಲ್ಲ ಮಕ್ಕಳಾಗುತ್ತವೆ ಎಂದು ಎಲ್ಲಿಯೂ ಬರೆದಿಲ್ಲ. ಕೊಟ್ಟಾನು, ಕೊಡದೆಯೂ ಇದ್ದಾನು. ಕೇಳುವುದನ್ನು ನಾನು ಬಿಟ್ಟಿಲ್ಲ, ದಿನವೂ ನಿಮ್ಮಿಬ್ಬರ ಹೆಸರು ಹೇಳಿ ಕೇಳುತ್ತೇನೆ. ಆದರೆ ಆತನು ಬರೆದುಕೊಟ್ಟಿರುವುದು ಬೇರೆ: ನಿನ್ನನ್ನು ಎಂದಿಗೂ ಕೈಬಿಡುವುದಿಲ್ಲ, ತೊರೆಯುವುದಿಲ್ಲ ಎಂದು. ಸಾವಾಗಲಿ ಜೀವವಾಗಲಿ ಕ್ರಿಸ್ತನ ಪ್ರೀತಿಯಿಂದ ನಮ್ಮನ್ನು ಅಗಲಿಸಲಾರದು ಎಂದು. ಸತ್ತವರು ಏಳುತ್ತಾರೆ, ಕಣ್ಣೀರನ್ನೆಲ್ಲ ತಾನೇ ಒರೆಸುತ್ತೇನೆ ಎಂದು. ಈ ಕಾಗದ ಆತನ ಹೆಸರಿನಲ್ಲಿಯೇ ಇದೆ, ಮಗನ ರಕ್ತವೇ ಅದರ ಸಹಿ. ಇದನ್ನು ಹಿಡಿದುಕೊಂಡು ಕಾಯುವುದಕ್ಕೂ ಯಾರೋ ಹೇಳಿದ ದಿನಾಂಕವನ್ನು ಹಿಡಿದುಕೊಂಡು ಕಾಯುವುದಕ್ಕೂ ಬಹಳ ವ್ಯತ್ಯಾಸವಿದೆ.

ಹಾಗೆ ಕಾಯುವುದು ಹೇಗಿರುತ್ತದೆ ಎಂಬುದಕ್ಕೆ ನನಗೆ ಬೈಬಲಿನಲ್ಲಿ ಎಲ್ಲಕ್ಕಿಂತ ಹತ್ತಿರವಾದದ್ದು ಯೆರೆಮೀಯ 32. ನನ್ನ ಕಸುಬಿನವನಿಗೆ ಅದು ಓದಿದಷ್ಟೂ ತೀರದ ಅಧ್ಯಾಯ. ಯೆಹೂದದ ಅರಸ ಚಿದ್ಕೀಯನ ಆಳ್ವಿಕೆಯ 10ನೆಯ ವರ್ಷ, ಬಾಬೆಲಿನ ಸೈನ್ಯ ಯೆರೂಸಲೇಮಿಗೆ ಮುತ್ತಿಗೆ ಹಾಕಿದೆ, ಯೆರೆಮೀಯನು ಕಾವಲಿನ ಅಂಗಳದಲ್ಲಿ ಸೆರೆಯಾಗಿದ್ದಾನೆ. ಆಗ ಚಿಕ್ಕಪ್ಪನ ಮಗ ಹನಮೇಲನು ಬಂದು, ನಮ್ಮೂರು ಅನಾತೋತಿನಲ್ಲಿರುವ ನನ್ನ ಹೊಲವನ್ನು ಕೊಂಡುಕೋ ಎನ್ನುತ್ತಾನೆ. ಶತ್ರುಗಳ ಕೈಸೇರುತ್ತಿರುವ ನಾಡಿನ ಹೊಲ! ಇಂಥ ಗಿರಾಕಿ ನನ್ನಲ್ಲಿಗೆ ಬಂದಿದ್ದರೆ ಬೇಡಪ್ಪಾ ಎಂದು ಮನೆಗೆ ಕಳುಹಿಸುತ್ತಿದ್ದೆ. ದೇವರು ಮಾತ್ರ ಕೊಂಡುಕೋ ಎಂದನು.

ಆಮೇಲೆ ನಡೆದದ್ದನ್ನು ಆ ಅಧ್ಯಾಯ ಒಂದೊಂದಾಗಿ ಹೇಳುತ್ತದೆ. 17 ಶೆಕೆಲ್ ಬೆಳ್ಳಿ, ಅಂದರೆ ಸುಮಾರು 200 ಗ್ರಾಂ. ಪತ್ರ ಬರೆದು ಸಹಿ ಹಾಕಿ ಮುದ್ರೆ ಒತ್ತಿದನು. ಸಾಕ್ಷಿಗಳನ್ನು ಕರೆದನು, ಅವರೂ ಸಹಿ ಹಾಕಿದರು. ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿ ಕೊಟ್ಟನು. ಪತ್ರದ ಪ್ರತಿ ಎರಡು, ಒಂದು ಮುದ್ರೆ ಹಾಕಿ ಮುಚ್ಚಿದ್ದು, ಒಂದು ತೆರೆದದ್ದು. ಅವೆರಡನ್ನೂ ಅಂಗಳದಲ್ಲಿದ್ದ ಜನರೆಲ್ಲ ನೋಡುತ್ತಿರುವಾಗ ತನ್ನ ಬರಹಗಾರ ಬಾರೂಕನ ಕೈಗೆ ಕೊಟ್ಟು, ಬಹುಕಾಲ ಕೆಡದಿರುವಂತೆ ಮಣ್ಣಿನ ಗಡಿಗೆಯಲ್ಲಿ ಇಡು ಎಂದನು. ಈ ದೇಶದಲ್ಲಿ ಮನೆ, ಹೊಲ, ದ್ರಾಕ್ಷಾತೋಟಗಳನ್ನು ಜನರು ಮತ್ತೆ ಕೊಳ್ಳುವರು ಎಂದು ದೇವರು ಹೇಳಿದ್ದನಲ್ಲ, ಅದಕ್ಕಾಗಿ ಇಷ್ಟೆಲ್ಲ. ಕಾಗದದ ಕೆಲಸದಲ್ಲಿ ಒಂದಿಷ್ಟೂ ಅವಸರವಿಲ್ಲ, ಒಂದು ಸಾಕ್ಷಿಯೂ ಬಿಟ್ಟುಹೋಗಿಲ್ಲ. ಹೊರಗೆ ಮುತ್ತಿಗೆಯ ದಿಬ್ಬಗಳು ಎದ್ದಿವೆ.

ನನಗೆ ಇನ್ನೂ ಹೆಚ್ಚು ಧೈರ್ಯ ಕೊಡುವುದು ಅದರ ನಂತರದ ಪ್ರಾರ್ಥನೆ. ಖರೀದಿ ಮುಗಿದ ಮೇಲೆ ಯೆರೆಮೀಯನು ದೇವರನ್ನು ಕೇಳುತ್ತಾನೆ: ದಿಬ್ಬಗಳು ಎದ್ದು ನಿಂತಿವೆ, ಪಟ್ಟಣ ಕಸ್ದೀಯರ (ಬಾಬೆಲಿನವರ) ಕೈಗೆ ಹೋಗುತ್ತಿದೆ, ಹೀಗಿರುವಾಗ ಹೊಲ ಕೊಂಡುಕೋ ಎಂದೆಯಲ್ಲಾ? ಪ್ರವಾದಿಗೂ ಅರ್ಥವಾಗಿರಲಿಲ್ಲ. ದೇವರು ಬೈಯಲಿಲ್ಲ, ಉತ್ತರ ಕೊಟ್ಟನು. ಆದ್ದರಿಂದ ನೀನು ರಾತ್ರಿ ಎದ್ದು ಕುಳಿತು ಇನ್ನೆಷ್ಟರ ತನಕ ಎಂದು ಕೇಳಿದ್ದಕ್ಕೆ ನಾಚಿಕೊಳ್ಳಬೇಡ. 13ನೆಯ ಕೀರ್ತನೆಯ ಮೊದಲ ಎರಡು ವಚನಗಳಲ್ಲಿ ದಾವೀದನು ಅದನ್ನೇ ನಾಲ್ಕು ಸಲ ಕೇಳಿದ್ದಾನೆ. ಯೆರೆಮೀಯನು ಆ ಹೊಲದ ಒಂದು ತೆನೆಯನ್ನೂ ಕಾಣಲಿಲ್ಲ, ಅವನನ್ನು ಐಗುಪ್ತಕ್ಕೆ (ಈಜಿಪ್ಟಿಗೆ) ಕರೆದೊಯ್ದರು. ಅನಾತೋತಿನವರು ಮಾತ್ರ ಊರಿಗೆ ಮರಳಿದರು. ಎಜ್ರನ 2ನೆಯ ಅಧ್ಯಾಯದ ಪಟ್ಟಿಯಲ್ಲಿ ಅವರ ಲೆಕ್ಕ ಇದೆ, 128 ಮಂದಿ.

ಗುಳಿಗೆ ನಿಲ್ಲಿಸಿದರೆ ನಂಬಿಕೆ ತೋರಿಸಿದಂತೆ ಎಂದು ಯಾರೋ ವೈನಿಯವರಿಗೆ ಹೇಳಿದ್ದಾರಂತೆ. ದಯವಿಟ್ಟು ಆ ಮಾತು ಕೇಳಬೇಡಿ. ಲೂಕನೇ ವೈದ್ಯನಾಗಿದ್ದನು, ಪೌಲನು ಅವನನ್ನು ಪ್ರಿಯ ವೈದ್ಯನೆಂದೇ ಕರೆದನು. ಚಿಕಿತ್ಸೆ ಮುಂದುವರಿಯಲಿ, ಏನಾದರೂ ಬದಲಿಸುವುದಿದ್ದರೆ ವೈದ್ಯರನ್ನು ಕೇಳಿಯೇ ಬದಲಿಸಿ. ಇನ್ನೊಂದು, ನೀನೂ ತಪಾಸಣೆ ಮಾಡಿಸಿಕೋ. ಮಕ್ಕಳಾಗದಿರಲು ಕಾರಣ ಗಂಡಸಿನಲ್ಲಿಯೂ ಇರಬಹುದು, ಇಬ್ಬರಲ್ಲಿಯೂ ಇರಬಹುದು. ಇಷ್ಟು ದಿನ ಸೂಜಿ, ಗುಳಿಗೆ, ಜನರ ಮಾತು ಎಲ್ಲವನ್ನೂ ವೈನಿಯವರೊಬ್ಬರೇ ಹೊತ್ತಿದ್ದಾರೆ. ಅದು ಸರಿಯಲ್ಲ. ಮುಂದಿನ ಮದುವೆಯಲ್ಲಿ ಯಾರಾದರೂ ಅವರನ್ನು ಕೇಳಿದರೆ ನೀನೇ ಎದ್ದು ಉತ್ತರ ಕೊಡು.

ಮನೆಯ ಹಿಂದಿನ ಕೋಣೆ ಕಟ್ಟಿಸುವುದನ್ನು, ಅವ್ವನನ್ನು ಕರೆದುಕೊಂಡು ಊರಿಗೆ ಹೋಗುವುದನ್ನು ಎಲ್ಲ ಆದ ಮೇಲೆ ನೋಡೋಣ ಎಂದು ಮುಂದೂಡಿದ್ದೀರಂತೆ. ಮುಂದೂಡಬೇಡಿ. ಕೋಣೆ ಈ ಬೇಸಿಗೆಯಲ್ಲಿಯೇ ಆಗಲಿ. ಹಿತ್ತಲಲ್ಲಿ ಒಂದು ಮಾವಿನ ಸಸಿಯನ್ನೂ ಹಚ್ಚಿರಿ.

ಬರುವ ತಿಂಗಳು ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗುವ ದಿನ ತಿಳಿಸು. ಅಂದು ನೋಂದಣಿಯ ಕೆಲಸ ಯಾರಿಗಾದರೂ ಒಪ್ಪಿಸಿ ನಾನೂ ಬರುತ್ತೇನೆ. ನನ್ನಾಕೆಯೂ ಬರುತ್ತಾಳೆ, ವೈನಿಯವರ ಜೊತೆಗೆ ಒಬ್ಬ ಹೆಣ್ಣುಮಗಳು ಇದ್ದರೆ ಒಳ್ಳೆಯದು ಎನ್ನುತ್ತಾಳೆ. ರೊಟ್ಟಿ ಕಟ್ಟಿಕೊಂಡು ಬರುತ್ತೇವೆ, ನೀವೇನೂ ತರಬೇಡಿ. ಅವ್ವನಿಗೆ ನನ್ನ ನಮಸ್ಕಾರ ಹೇಳು.

ನಿನ್ನ ಗೆಳೆಯ,
ಬೆಟಗೇರಿಯಿಂದ