ಗುರು ಬದಲಿಸುವ ಆತುರ ಬೇಡ

ಮಾನ್ಯ ಸಂಪಾದಕರೇ,

ಧಾರವಾಡದಲ್ಲಿ ಮಕ್ಕಳಿಗೆ ಹಿಂದೂಸ್ತಾನಿ ಗಾಯನ ಹೇಳಿಕೊಡುತ್ತೇನೆ. ‘ಸ್ಟೇಜ್ ಮ್ಯಾಲೆ ಹಾಡಾಕ ಎಷ್ಟು ತಿಂಗಳು ಬೇಕ್ರಿ ಟೀಚರ್?’ ಪಾಲಕರು ಮೊದಲು ಕೇಳುವುದೇ ಇದನ್ನು. ಟಿವಿ ಸ್ಪರ್ಧೆಯ ಆಡಿಷನ್ ಹತ್ತಿರ ಬಂದರೆ ಸಾಕು, ಮಗುವಿನ ಕ್ಲಾಸು ಬದಲಾಗುತ್ತದೆ. ಇದು ನನಗೆ ತುಂಬಾ ಸಂಕಟ ತರುವ ವಿಷಯ.

ಮೊನ್ನೆ ಒಬ್ಬ ಹುಡುಗಿ ಮೊಬೈಲ್ ನೋಡಿ ಕಲಿತ ಯಮನ್ ರಾಗದ ತಾನ್ (ವೇಗದ ಸ್ವರಗಳ ಓಟ) ಹಾಡಿದಳು. ವೇಗ ಚೆನ್ನಾಗಿತ್ತು. ಆ ರಾಗದ ತೀವ್ರ ಮಧ್ಯಮ, ಅಂದರೆ ಎತ್ತರಿಸಿದ ‘ಮ’ ಸ್ವರ ಮಾತ್ರ ಪ್ರತಿ ಸಲವೂ ಸ್ವಲ್ಪ ಕೆಳಗೇ ಬೀಳುತ್ತಿತ್ತು. ತಂಬೂರಿ ಹಿಡಿದು ಕೂತೆ. ಅದರ ಮೇಲಿನ ಪಂಚಮದಲ್ಲಿ ನಿಂತು, ಅಲ್ಲಿಂದ ನಿಧಾನಕ್ಕೆ ಮಧ್ಯಮಕ್ಕೆ ಇಳಿದು ಆ ಸ್ವರದಲ್ಲೇ ನಿಲ್ಲು ಅಂದೆ. ಹೀಗೇ ಹಾಡುತ್ತಾ ಹಾಡುತ್ತಾ ಅವಳ ಕಿವಿಗೇ ಅದು ಗೊತ್ತಾಯಿತು. ಮೊಬೈಲಿನಲ್ಲಿ ದೊಡ್ಡವರ ಹಾಡು ಎಷ್ಟು ಬೇಕಾದರೂ ಕೇಳಲಿ, ಕೇಳಲೇಬೇಕು. ಆದರೆ ನಮ್ಮ ಹಾಡು ಕೇಳಿ ‘ಇಲ್ಲಿ ನಿಲ್ಲು’ ಅನ್ನಲು ಎದುರಿಗೆ ಒಬ್ಬರು ಇರಬೇಕಲ್ವಾ?

ನಮ್ಮ ಭಾಗದವರಿಗೆ ಇದನ್ನು ಬೇರೆ ಊರಿನವರು ಹೇಳಬೇಕಿಲ್ಲ. ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಹೆಸರಾಂತ ಗಾಯಕ ಸವಾಯಿ ಗಂಧರ್ವರ ಮುಂದೆ ಕೂರುತ್ತಿದ್ದರು. ಗುರುಗಳು ಹೇಳಿಕೊಡುತ್ತಿದ್ದುದು ಸ್ವಲ್ಪವೇ. ಅದು ಹದಕ್ಕೆ ಬರುವ ತನಕ ಮುಂದಕ್ಕೆ ಬಿಡುತ್ತಿರಲಿಲ್ಲ. ಗದುಗಿನ ಹುಡುಗ ಭೀಮಸೇನ ಜೋಶಿ 1933ರಲ್ಲಿ ಗುರುವನ್ನು ಹುಡುಕುತ್ತಾ ಮನೆ ಬಿಟ್ಟು, ಗ್ವಾಲಿಯರ್, ಜಲಂಧರ್ ತನಕ ಅಲೆದರು. ನಿಮ್ಮ ಕಡೆಯೇ ಸವಾಯಿ ಗಂಧರ್ವರಿದ್ದಾರಲ್ಲ ಎಂದು ಜಲಂಧರ್‌ನಲ್ಲಿ ಅವರಿಗೆ ಹೇಳಿದವರು ಗಾಯಕ ವಿನಾಯಕರಾವ್ ಪಟವರ್ಧನ್. ಊರಿಗೆ ವಾಪಸಾದ ಮೇಲೆ ಕುಂದಗೋಳ ಸೇರಿ, ಗುರುಗಳ ಮನೆಗೆ ನೀರು ಹೊತ್ತು ಕಲಿತರು.

ಮಲ್ಲಿಕಾರ್ಜುನ ಮನಸೂರರು ಗುರು ಬದಲಿಸಲಿಲ್ಲವೇ ಎಂದು ಯಾರಾದರೂ ಕೇಳಬಹುದು. ನೀಲಕಂಠಬುವಾ ಮಿರಜಕರ್ ಅವರ ಬಳಿ ವರ್ಷಗಟ್ಟಲೆ ಕಲಿತು, ರೆಕಾರ್ಡುಗಳು ಬಂದು, ಹೆಸರಾದ ಮೇಲೆ ಮಂಜಿ ಖಾನರ ಮುಂದೆ ಮತ್ತೆ ವಿದ್ಯಾರ್ಥಿಯಾಗಿ ಕೂತರು. ಮಂಜಿ ಖಾನರು ತೀರಿಕೊಂಡ ನಂತರ ಅವರ ತಮ್ಮ ಭೂರ್ಜಿ ಖಾನರಲ್ಲಿ ಕಲಿಕೆ ಮುಂದುವರಿಸಿದರು. ಹೆಸರು ಬಂದ ಮೇಲೂ ಕಲಿಯುವ ಆಸೆ ಅವರದು. ಆಡಿಷನ್ ಅವಸರದಲ್ಲಿ ಕ್ಲಾಸು ಬದಲಿಸುವುದಕ್ಕೂ ಇದಕ್ಕೂ ಎಲ್ಲಿಯ ಹೋಲಿಕೆ?

ಪಾಲಕರಲ್ಲಿ ನನ್ನದೊಂದು ಬೇಡಿಕೆ. ಮಗುವನ್ನು ಸೇರಿಸುವ ಮುಂಚೆ ಒಂದು ದಿನ ಕ್ಲಾಸಿನಲ್ಲಿ ಸುಮ್ನೆ ಕೂತು ನೋಡಿ. ಗುರುಗಳು ಮಗುವಿನ ಹಾಡು ಪೂರ್ತಿ ಕೇಳುತ್ತಾರಾ, ತಪ್ಪಾದಲ್ಲಿ ನಿಲ್ಲಿಸುತ್ತಾರಾ ಗಮನಿಸಿ. ಫೀಸು, ಫೋಟೊ, ಪ್ರಶಸ್ತಿಗಳ ಮಾತು ಆಮೇಲೆ. ಒಮ್ಮೆ ಸೇರಿಸಿದ ಮೇಲೆ ಕೆಲವು ವರ್ಷ ಅಲ್ಲೇ ಬಿಡಿ.

ಹುಬ್ಬಳ್ಳಿ-ಧಾರವಾಡದ ಶಾಲೆಗಳು ಮಕ್ಕಳನ್ನು ಪ್ರವಾಸಕ್ಕೆ ಎಲ್ಲೆಲ್ಲಿಗೋ ಕರೆದೊಯ್ಯುತ್ತವೆ. ಸವಾಯಿ ಗಂಧರ್ವರ ನೆನಪಿನಲ್ಲಿ ಕುಂದಗೋಳದ ನಾಡಿಗೇರ ವಾಡೆಯಲ್ಲಿ ಅಹೋರಾತ್ರಿ ಸಂಗೀತ ನಡೆಯುತ್ತದೆ. ಮುಂದಿನ ಸಲ ಹಿರಿಯ ತರಗತಿಯ ಮಕ್ಕಳನ್ನಾದರೂ ಅಲ್ಲಿಗೆ ಕರೆದುಕೊಂಡು ಹೋಗಲಿ. ಜೊತೆಗೆ ಬರಲು ನಾನು ಸಿದ್ಧಳಿದ್ದೇನೆ.

– ಒಬ್ಬ ಸಂಗೀತ ಶಿಕ್ಷಕಿ, ಧಾರವಾಡ