ಮನೋರೋಗವೆಂದು ಮುಂಚೆಯೇ ತೀರ್ಮಾನಿಸದಿರಿ

ಮಾನ್ಯರೇ,

ರಾತ್ರಿಯಿಡೀ ನಿದ್ದೆಯಿಲ್ಲದೆ ಏನೇನೋ ಮಾತಾಡುತ್ತ, ತನಗರಿವಿಲ್ಲದೆಯೇ ತುಟಿ, ನಾಲಿಗೆ ಹೊರಳಿಸುತ್ತಿದ್ದ ನನ್ನ ಅಕ್ಕನ ಮಗಳಿಗೆ ಮೊದಲು ತಾಯತ ಕಟ್ಟಿಸಿದೆವು, ಆಮೇಲೆ ಮಾನಸಿಕ ಕಾಯಿಲೆಯ ಮಾತ್ರೆ ಕೊಡಿಸಿದೆವು. ಫಿಟ್ಸ್ ಬಂದ ಮೇಲಷ್ಟೇ ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸಿದಾಗ, ದೇಹದ ರೋಗನಿರೋಧಕ ವ್ಯವಸ್ಥೆಯೇ ಮೆದುಳಿನ ನರಕೋಶಗಳು ಸಂಕೇತ ಪಡೆಯಲು ಬಳಸುವ ಎನ್‌ಎಂಡಿಎ ಗ್ರಾಹಕಗಳ ಮೇಲೆ ದಾಳಿ ಮಾಡುತ್ತಿರುವುದು ತಿಳಿಯಿತು. 2007ರಲ್ಲಿ ನರರೋಗ ತಜ್ಞ ಡಾ. ಜೋಸೆಪ್ ದಲ್ಮಾವ್ ಮತ್ತು ಸಂಗಡಿಗರು ಗುರುತಿಸಿದ ಈ ಕಾಯಿಲೆ (ಆ್ಯಂಟಿ-ಎನ್‌ಎಂಡಿಎ ರಿಸೆಪ್ಟರ್ ಎನ್ಸೆಫಲೈಟಿಸ್ ಎಂಬ ಮೆದುಳಿನ ಉರಿಯೂತ) ಯುವತಿಯರಲ್ಲೇ ಹೆಚ್ಚು. ಕೆಲವರಲ್ಲಿ ಅಂಡಾಶಯದ ಗೆಡ್ಡೆಯೇ ಇದಕ್ಕೆ ಮೂಲ. ಎಂಆರ್‌ಐ ಎಷ್ಟೋ ಸಲ ಸಹಜವಾಗಿಯೇ ಕಾಣುವುದರಿಂದ ಅದೊಂದನ್ನೇ ನಂಬಿ ಕೂರುವಂತಿಲ್ಲ. ಈ ದಾಳಿಯನ್ನು ತಗ್ಗಿಸುವ ಸ್ಟೀರಾಯ್ಡ್, ಇಮ್ಯುನೊಗ್ಲಾಬ್ಯುಲಿನ್ ಚಿಕಿತ್ಸೆ ಬೇಗ ಶುರುವಾದಷ್ಟೂ ಚೇತರಿಕೆ ಚೆನ್ನಾಗಿರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಡೆಯುವ, ಹೀಗೆ ದಾಳಿ ಮಾಡುವ ಪ್ರತಿಕಾಯಗಳನ್ನು (ರೋಗನಿರೋಧಕ ಪ್ರೋಟೀನುಗಳನ್ನು) ಪತ್ತೆಹಚ್ಚುವ ಪರೀಕ್ಷೆಗೆ ಪ್ರತಿ ಜಿಲ್ಲಾ ಆಸ್ಪತ್ರೆಯಿಂದಲೂ ಮಾದರಿ ಕಳುಹಿಸುವ ವ್ಯವಸ್ಥೆಯನ್ನು ಆರೋಗ್ಯ ಇಲಾಖೆ ಖಾತರಿಪಡಿಸಬೇಕು.

– ಓದುಗ, ಹಾಸನ