ಮಗು ಮಾತು ಕಲಿಯೋ ಮನೆಯಲ್ಲಿ ಅಜ್ಜಿ ಯಾಕೆ ಬಾಯಿ ಮುಚ್ಚಿಕೊಂಡಿರಬೇಕು?

ಮಾನ್ಯ ಸಂಪಾದಕರೇ,

ಹೋದ ತಿಂಗಳು ನನ್ನ ಮೊಮ್ಮಗನ ಪ್ಲೇಸ್ಕೂಲಿನವರು ಡೈರಿಯಲ್ಲಿ ಒಂದು ಚೀಟಿ ಅಂಟಿಸಿ ಕಳಿಸಿದ್ದರು. ಮನೆಯಲ್ಲಿ ಎಲ್ಲರೂ ಮಗುವಿನ ಜೊತೆ ಇಂಗ್ಲಿಷಿನಲ್ಲೇ ಮಾತಾಡಬೇಕಂತೆ. ಎರಡು ಭಾಷೆ ಕಿವಿಗೆ ಬಿದ್ದರೆ ಮಗುವಿಗೆ ಕನ್‌ಫ್ಯೂಸ್ ಆಗಿ ಮಾತು ತಡವಾಗುತ್ತದಂತೆ. ಅವನಿಗೆ ಆಗ ಎರಡು ವರ್ಷ ಎಂಟು ತಿಂಗಳು. ಮಗ ಸೊಸೆ ಇಬ್ಬರೂ ಚೆನ್ನಾಗಿ ಓದಿದವರು, ಆದರೆ ಸ್ಕೂಲಿನವರು ಹೇಳಿದರು ಅಂದರೆ ಮುಗಿಯಿತು, ವೇದವಾಕ್ಯ. ಅವತ್ತು ರಾತ್ರಿಯಿಂದಲೇ ಮನೆಯಲ್ಲಿ "ಕಮ್, ಈಟ್, ಸಿಟ್, ನೋ, ಗುಡ್ ಬಾಯ್" ಶುರುವಾಯಿತು. ನನ್ನ ಹತ್ತಿರ ಮಾತ್ರ ಮೆಲ್ಲಗೆ, "ಅಮ್ಮಾ, ಸ್ವಲ್ಪ ದಿನ ನೀವು ಅವನ ಜೊತೆ ಮಾತು ಕಮ್ಮಿ ಮಾಡಿ" ಅಂದರು.

ಸ್ವಾಮಿ, ನಾನು ಮೂವತ್ತು ವರ್ಷ ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸು ತೆಗೆದುಕೊಂಡವಳು. ಮಾತು ಕಮ್ಮಿ ಮಾಡಿ ಅಭ್ಯಾಸ ಇಲ್ಲ. ಅದಕ್ಕೇ ಈ ಪತ್ರ.

ಚೀಟಿ ಬರುವ ಮುಂಚೆ ನಮ್ಮ ಮನೆಯಲ್ಲಿ ಮಾತು ಹೇಗಿತ್ತು ಅಂತ ಮೊದಲು ಹೇಳುತ್ತೇನೆ. ಸಂಜೆ ನಾನು ಹಳೇ ಪೇಪರ್ ಹಾಸಿಕೊಂಡು ಅವರೆಕಾಯಿ ಬಿಡಿಸುತ್ತಾ ಕೂರುವುದು, ಇವನು ಎದುರಿಗೆ ಕಾಲು ಚಾಚಿಕೊಂಡು ಕೂತು ಬಿಡಿಸಿದ ಕಾಳನ್ನೆಲ್ಲ ಸಿಪ್ಪೆಗೆ ಹಾಕುವುದು. ಒಂದು ದಿನ ಕಾಯೊಳಗೆ ಹುಳ ಬಂತು. "ಅಜ್ಜಿ, ಇದೇನು?" ಹುಳ ಕಣೋ ಅಂದೆ. "ಉಳ ಏನ್ ಮಾಡ್ತಿದೆ?" ಕಾಳು ತಿಂತಿದೆ ಅಂದೆ. ಸ್ವಲ್ಪ ಹೊತ್ತು ಅದನ್ನೇ ನೋಡಿದ. "ಉಳಕ್ಕೆ ಅಮ್ಮ ಎಲ್ಲಿ?" ನಾನೇ ತಬ್ಬಿಬ್ಬು. ಅವರಮ್ಮ ಆಫೀಸಿಗೆ ಹೋಗಿದ್ದಾಳೆ ಅಂದುಬಿಟ್ಟೆ. ಇವನು ಬಗ್ಗಿ ಹುಳದ ಹತ್ತಿರ ಬಾಯಿಟ್ಟು, "ಬತ್ತಾಳೆ, ಬತ್ತಾಳೆ, ಅಳಬೇಡ" ಅಂತ ಸಮಾಧಾನ ಹೇಳಿದ.

ಇದನ್ನೇ ಇಂಗ್ಲಿಷಿನಲ್ಲಿ ಮಾಡಿ ಅಂದರೆ ನಮ್ಮ ಮನೆಯಲ್ಲಿ ಯಾರ ಕೈಲೂ ಆಗುವುದಿಲ್ಲ. ನನ್ನ ಮಗ ಕೆಲಸದ ಮೇಲೆ ಅಮೆರಿಕದವರ ಜೊತೆ ಗಂಟೆಗಟ್ಟಲೆ ಇಂಗ್ಲಿಷ್ ಮಾತಾಡುತ್ತಾನೆ, ಆದರೆ ಆ ಇಂಗ್ಲಿಷಿನಲ್ಲಿ ಅವರೆಕಾಯಿ ಹುಳ ಇಲ್ಲ. ಮುದ್ದು ಮಾಡೋಕೆ, ಗದರೋಕೆ, ಸುಮ್ನೆ ಕೂತು ಹರಟೋಕೆ ಬೇಕಾದ ಇಂಗ್ಲಿಷನ್ನು ಅವನಿಗೆ ಯಾರೂ ಕಲಿಸಿಲ್ಲ. ಹಾಗಾಗಿ ಮೂರು ವಾರದಲ್ಲಿ ಮನೆಯಲ್ಲಿ ಮಾತು ಹೋಗಿ ಬರೀ ಅಪ್ಪಣೆ ಉಳಿಯಿತು. ಖಾಲಿಯಾದ ಜಾಗಕ್ಕೆ ಫೋನು ಬಂತು, ಇಂಗ್ಲಿಷ್ ಪದ್ಯ ಕೇಳಲಿ ಅಂತ. ಈಗ ಅವನು ಏಳು ಬಣ್ಣದ ಹೆಸರು ಇಂಗ್ಲಿಷಿನಲ್ಲಿ ಹೇಳುತ್ತಾನೆ, ಬಂದವರೆಲ್ಲ ಚಪ್ಪಾಳೆ ತಟ್ಟುತ್ತಾರೆ. ಮುಂಚೆ "ಅಜ್ಜಿ, ನೀಲು ಕೊಡು" ಅನ್ನುತ್ತಿದ್ದ ಹುಡುಗ ಈಗ ಬಾಯಾರಿದರೆ ನನ್ನ ಸೆರಗು ಎಳೆದು ಫಿಲ್ಟರ್ ಕಡೆ ಕೈ ತೋರಿಸುತ್ತಾನೆ.

ಮಗು ಮಾತು ಕಲಿಯುವುದು ಶಾಲೆಗೆ ಸೇರಿಸಿದ ದಿನದಿಂದ ಅಂತ ಈ ಸ್ಕೂಲಿನವರು ಅಂದುಕೊಂಡ ಹಾಗಿದೆ. ಹೊಟ್ಟೆಯೊಳಗಿದ್ದಾಗಲೇ ಕೊನೆಯ ಮೂರು ತಿಂಗಳು ಮಗುವಿಗೆ ಹೊರಗಿನ ದನಿ ಕೇಳಿಸುತ್ತದೆ, ಹುಟ್ಟಿದ ಎರಡು ಮೂರು ದಿನಕ್ಕೇ ಬೇರೆ ಹೆಂಗಸಿನ ದನಿಗಿಂತ ತಾಯಿಯ ದನಿಯನ್ನೇ ಇಷ್ಟಪಡುತ್ತದೆ. ಎರಡು ಮೂರು ತಿಂಗಳಿಗೆ ಅಂಗಾತ ಮಲಗಿ ಊಂ, ಆ ಅಂತ ರಾಗ ಎಳೆಯುತ್ತದೆ. ಆರೇಳು ತಿಂಗಳಿಗೆ ಬಬಬ, ಮಮಮ, ದದದ ಶುರು. ಮಮಮ ಅಂದ ಕೂಡಲೇ ತಾಯಿ "ನನ್ನನ್ನೇ ಕರೆದ" ಅಂತ ಕುಣಿಯುತ್ತಾಳೆ. ತುಟಿ ಮುಚ್ಚಿ ತೆರೆದರೆ ಸಾಕು, ಮ ಬ ಪ ಬರುತ್ತದೆ, ಅದಕ್ಕೇ ಅದು ಮೊದಲು. ಅಮ್ಮ ಅಪ್ಪ ಅನ್ನುವ ಪದಗಳು ಲೋಕದ ಎಷ್ಟೋ ಭಾಷೆಯಲ್ಲಿ ಒಂದೇ ಥರ ಇರುವುದೂ ಅದಕ್ಕೇ. ಆದರೆ ತಾಯಿ ಕುಣಿಯುತ್ತಾಳಲ್ಲ, ಅದು ಮುಖ್ಯ. ನಾನು ಹೀಗಂದರೆ ಎದುರಿನವರ ಮುಖ ಹೀಗಾಗುತ್ತದೆ ಅಂತ ಮಗುವಿಗೆ ಗೊತ್ತಾಗುವುದು ಆಗಲೇ.

ನಮಗೆ ತ ಬೇರೆ, ಟ ಬೇರೆ. ಇಂಗ್ಲಿಷರಿಗೆ ಆ ವ್ಯತ್ಯಾಸ ಕೇಳಿಸುವುದೇ ಕಷ್ಟ. ಕೆನಡಾದಲ್ಲಿ ಜಾನೆಟ್ ವರ್ಕರ್, ರಿಚರ್ಡ್ ಟೀಸ್ ಅನ್ನುವ ಇಬ್ಬರು ಸಂಶೋಧಕರು, ಇಂಗ್ಲಿಷ್ ಮನೆಯ ಕೂಸುಗಳಿಗೆ ಹಿಂದಿಯ ತ, ಟ ಕೇಳಿಸಿ ನೋಡಿದರು. ದನಿ ಬದಲಾದಾಗ ಮಗು ಕತ್ತು ತಿರುಗಿಸಿದರೆ ಪೆಟ್ಟಿಗೆಯೊಳಗೆ ಲೈಟು ಹತ್ತಿ ಆಟದ ಬೊಂಬೆ ಕಾಣಿಸುತ್ತದೆ, ಅಷ್ಟೇ ಪರೀಕ್ಷೆ. ಆರರಿಂದ ಎಂಟು ತಿಂಗಳ ಕೂಸುಗಳಲ್ಲಿ ಹೆಚ್ಚಿನವಕ್ಕೆ ವ್ಯತ್ಯಾಸ ಗೊತ್ತಾಯಿತು. ಹತ್ತು ಹನ್ನೆರಡು ತಿಂಗಳಾಗುವ ಹೊತ್ತಿಗೆ ಗುರುತಿಸುವ ಕೂಸುಗಳೇ ಕಮ್ಮಿ. ಇದು 1984ರಲ್ಲೇ ಪ್ರಕಟವಾದ ವಿಷಯ. ಅಂದರೆ ಇನ್ನೂ ಒಂದು ಪದ ಆಡದ ಕೂಸು, ಮನೆಯಲ್ಲಿ ಯಾವ ದನಿ ಬೇಕು ಯಾವುದು ಬೇಡ ಅಂತ ಆಗಲೇ ಅಕ್ಕಿ ಆರಿಸಿದ ಹಾಗೆ ಆರಿಸಿ ಇಟ್ಟುಕೊಂಡಿರುತ್ತದೆ. ನಮ್ಮ ಮಕ್ಕಳು ತ ಟ, ದ ಡ, ಲ ಳ ಎಲ್ಲ ಉಳಿಸಿಕೊಳ್ಳುವುದು ಮನೆಯವರ ಹರಟೆ ಕೇಳಿಯೇ.

ಇನ್ನೊಂದು ಪ್ರಯೋಗ ಇದೆ, ಇದನ್ನು ನನ್ನ ಮಗನಿಗೂ ಓದಿ ಹೇಳಿದೆ. ಅಮೆರಿಕದ ಸಿಯಾಟಲ್‌ನಲ್ಲಿ ಪೆಟ್ರೀಷಿಯಾ ಕೂಲ್ ಅನ್ನುವ ಸಂಶೋಧಕಿ ಮತ್ತು ಅವರ ಜೊತೆಯವರು ಒಂಬತ್ತು ತಿಂಗಳ ಇಂಗ್ಲಿಷ್ ಮನೆಯ ಕೂಸುಗಳ ಮುಂದೆ ಚೀನೀ ಭಾಷೆ ಆಡುವವರನ್ನು ಕೂರಿಸಿ ಪುಸ್ತಕ ಓದಿಸಿದರು, ಆಟ ಆಡಿಸಿದರು. ಹನ್ನೆರಡೇ ಸಲ, ಒಂದೊಂದು ಸಲ ಅರ್ಧ ಗಂಟೆಯೂ ಇಲ್ಲ. ಕೂಸುಗಳು ಆ ಭಾಷೆಯ ದನಿಗಳ ವ್ಯತ್ಯಾಸ ಹಿಡಿದವು. ಇನ್ನೊಂದು ಗುಂಪಿಗೆ ಅದೇ ಜನ, ಅದೇ ಮಾತನ್ನು ಟಿವಿಯಲ್ಲಿ ತೋರಿಸಿದರು. ಆ ಗುಂಪು ಏನೂ ಕಲಿಯಲಿಲ್ಲ. 2003ರ ಮಾತಿದು. ವಿಶ್ವ ಆರೋಗ್ಯ ಸಂಸ್ಥೆ ಕೂಡ 2019ರಲ್ಲಿ ಹೇಳಿದೆ, ಒಂದು ವರ್ಷದೊಳಗೆ ಸ್ಕ್ರೀನು ಬೇಡವೇ ಬೇಡ, ಎರಡು ವರ್ಷದ ಮಗುವಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಬೇಡ ಅಂತ. ಫೋನಿನೊಳಗಿನ ಹೆಂಗಸು ಎಷ್ಟು ಚೆನ್ನಾಗಿ ಹಾಡಿದರೂ ಮಗು "ಉಳಕ್ಕೆ ಅಮ್ಮ ಎಲ್ಲಿ" ಅಂತ ಕೇಳಿದರೆ ಅವಳು ಉತ್ತರ ಕೊಡುವುದಿಲ್ಲ, ಅಲ್ವಾ?

ಕಲಿಯುವುದು ಅಂದರೆ ಗಿಳಿಪಾಠ ಅಂತಲೂ ಜನ ಅಂದುಕೊಂಡಿದ್ದಾರೆ. ನನ್ನ ಮೊಮ್ಮಗ ಚಮಚ ತಂದು ಅಡುಗೆಮನೆಯಲ್ಲಿಟ್ಟು, "ನಾನೇ ಇಡಿದೆ" ಅಂದ. ಇಟ್ಟೆ ಅನ್ನಬೇಕಿತ್ತು. ಆಮೇಲೊಂದು ದಿನ "ಅಪ್ಪಂಗೆ ಕೊಡಿದೆ". ನಮ್ಮ ಮನೆಯಲ್ಲಿ ಯಾರಾದರೂ ಕೊಡಿದೆ ಅಂತಾರಾ? ಅವನು ಅದನ್ನು ಯಾರಿಂದಲೂ ಕೇಳಿಲ್ಲ. ನೋಡಿದೆ, ಮಾಡಿದೆ, ಹಾಡಿದೆ ಕೇಳಿ ಕೇಳಿ, ಓಹೋ ಆಗಿಹೋದದ್ದಕ್ಕೆ ಹೀಗೆ ಅನ್ನಬೇಕು ಅಂತ ತಾನೇ ಒಂದು ನಿಯಮ ಕಟ್ಟಿಕೊಂಡಿದ್ದಾನೆ. ವ್ಯಾಕರಣದ ಪುಸ್ತಕ ಮುಟ್ಟದ ಹುಡುಗ! ಸೊಸೆ "ತಪ್ಪು ತಪ್ಪು" ಅಂತ ತಿದ್ದೋಕೆ ಹೋದಳು. ನಾನು "ಹೌದಾ, ಅಪ್ಪಂಗೆ ಕೊಟ್ಟೆಯಾ, ಜಾಣ" ಅಂದೆ. ಅಷ್ಟು ಸಾಕು, ತಾನಾಗಿ ಸರಿಹೋಗುತ್ತದೆ. ಒಂದನೇ ಕ್ಲಾಸಿಗೆ ಬರುವ ಮಕ್ಕಳ ಬಾಯಲ್ಲಿ "ಕೊಡಿದೆ" ಕೇಳಿದ ನೆನಪು ನನಗೆ ಇಲ್ಲ.

ರ ಬಾರದೆ ಲ ಅನ್ನುವುದೂ ಹಾಗೇ. ಅವನ ಬಾಯಲ್ಲಿ ಕಾರು "ಕಾಲು" ಆಗಿದೆ. ಒಂದು ದಿನ ತಮಾಷೆಗೆ ನಾನೂ "ಕಾಲು ಬಂತೇನೋ?" ಅಂದೆ. ಅವನಿಗೆ ಸಿಟ್ಟು ಬಂತು. "ಕಾಲು ಅಲ್ಲ ಅಜ್ಜಿ, ಕಾಲು!" ಮತ್ತೆ ಅಂದೆ. ತನ್ನ ಕಾಲನ್ನು ಮುಟ್ಟಿ ತೋರಿಸಿ, "ಇದು ಕಾಲು", ಬಾಗಿಲ ಕಡೆ ಕೈ ಮಾಡಿ, "ಅದು ಕಾಲು" ಅಂದ, ದಡ್ಡಿಗೆ ಪಾಠ ಹೇಳುವ ಹಾಗೆ. ಅವನ ಕಿವಿಗೆ ಎರಡೂ ಬೇರೆಯೇ, ನಾಲಿಗೆ ಮಾತ್ರ ಇನ್ನೂ ಹಿಂದೆ ಇದೆ. ಕೇಳಿ ಅರ್ಥ ಮಾಡಿಕೊಳ್ಳುವುದು ಯಾವಾಗಲೂ ಆಡುವುದಕ್ಕಿಂತ ಮುಂದೆ ಇರುತ್ತದೆ, ಇದನ್ನು ಕ್ಲಾಸಿನಲ್ಲಿ ಎಷ್ಟೋ ವರ್ಷ ನೋಡಿದ್ದೇನೆ.

ಕನ್ನಡದ ಮೂರು ವರ್ಷದ ಮಕ್ಕಳನ್ನೇ ಕೂರಿಸಿಕೊಂಡು ಜೆಫ್ರಿ ಲಿಡ್ಜ್ ಅನ್ನುವ ಸಂಶೋಧಕರು ಮತ್ತು ಇನ್ನಿಬ್ಬರು ಮಾಡಿದ ಕೆಲಸವೂ ಒಂದಿದೆ, ಅದೂ 2003ರಲ್ಲಿ ಬಂದದ್ದು. ಮೊಸಳೆ, ಕುದುರೆ ಅಂತ ಬೊಂಬೆ ಕೊಟ್ಟು, ಏರು, ಏರಿಸು ಅನ್ನುವಂಥ ವಾಕ್ಯ ಹೇಳಿ, ಆಡಿ ತೋರಿಸು ಅಂದರು. ದೊಡ್ಡವರು "ಇಸು" ಇದೆಯೋ ಇಲ್ಲವೋ ನೋಡಿ ಅರ್ಥ ಮಾಡಿಕೊಂಡರು. ಮಕ್ಕಳು ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ, ವಾಕ್ಯದಲ್ಲಿ ಎಷ್ಟು ಪ್ರಾಣಿಯ ಹೆಸರು ಬಂತು ಅನ್ನುವುದನ್ನೇ ಹಿಡಿದು ಆಡಿಸಿದರು, ಒಂದೇ ಹೆಸರು ಬಂದರೆ ಅದು ತಾನೇ ಏರುವುದು, ಎರಡು ಬಂದರೆ ಒಂದು ಇನ್ನೊಂದನ್ನು ಏರಿಸುವುದು. ನೋಡಿ, ಮಕ್ಕಳು ನಮ್ಮ ಥರ ಯೋಚನೆ ಮಾಡುತ್ತಿಲ್ಲ, ಅವರದೇ ಒಂದು ದಾರಿ ಇದೆ. ಅದಕ್ಕೆ ನಾವು ಕೊಡಬೇಕಾದ್ದು ಪೂರ್ತಿ ವಾಕ್ಯ, ಬೇಕಾದಷ್ಟು ವಾಕ್ಯ. "ಈಟ್", "ಸಿಟ್" ಕೊಟ್ಟರೆ ಅದರಲ್ಲಿ ಮಗು ಏನು ಹುಡುಕಬೇಕು?

ಇನ್ನು ಎರಡು ಭಾಷೆಯ ಗೊಂದಲ. ನನ್ನ ತವರು ಪುತ್ತೂರಿನ ಕಡೆ. ಮನೆಯೊಳಗೆ ಹವ್ಯಕ ಕನ್ನಡ, ತೋಟದಲ್ಲಿ ಕೆಲಸದವರ ಜೊತೆ ತುಳು, ಶಾಲೆಯಲ್ಲಿ ಪುಸ್ತಕದ ಕನ್ನಡ, ಪಕ್ಕದ ಮನೆಯಲ್ಲಿ ಕೊಂಕಣಿ. ಮನೆಯಲ್ಲಿ ಪುಚ್ಚೆ ಆದದ್ದು ಪುಸ್ತಕದಲ್ಲಿ ಬೆಕ್ಕು. ನಮಗೆ ಯಾರಿಗೂ ಗೊಂದಲ ಆಗಲಿಲ್ಲ, ಯಾರ ಹತ್ತಿರ ಯಾವುದು ಆಡಬೇಕು ಅಂತ ಮೂರು ವರ್ಷಕ್ಕೇ ಗೊತ್ತಿತ್ತು. ಎರಡು ಭಾಷೆ ಕಲಿಯುವ ಮಗುವಿಗೆ ಒಂದೊಂದು ಭಾಷೆಯಲ್ಲಿ ಪದ ಸ್ವಲ್ಪ ಕಮ್ಮಿ ಕಾಣಬಹುದು, ಎರಡನ್ನೂ ಕೂಡಿಸಿ ಎಣಿಸಿದರೆ ಸರಿಹೋಗುತ್ತದೆ. ಒಂದೇ ವಾಕ್ಯದಲ್ಲಿ ಎರಡೂ ಬೆರೆಸಿದರೆ ಗಾಬರಿ ಬೇಡ, ದೊಡ್ಡವರಾದ ನಾವೇ "ಬಸ್ಸು ಲೇಟು, ಆಟೋ ಹಿಡಿ" ಅಂತೀವಿ. ಇಂಗ್ಲಿಷ್ ಬೇಡ ಅಂತ ನಾನು ಹೇಳುತ್ತಿಲ್ಲ. ಸ್ಕೂಲಿನಲ್ಲಿ ಕಲಿಸಲಿ, ದುಡ್ಡು ತೆಗೆದುಕೊಳ್ಳುವುದು ಅದಕ್ಕೇ ತಾನೇ? ಅವರ ಕೆಲಸಕ್ಕೆ ನಮ್ಮ ಅಡುಗೆಮನೆ ಯಾಕೆ ಬಾಯಿ ಮುಚ್ಚಬೇಕು?

ನನ್ನ ಪತ್ರ ಓದಿ ಯಾರೂ ಇನ್ನೊಂದು ತಪ್ಪು ಮಾಡಬಾರದು. ಮಾತು ನಿಜವಾಗಿ ತಡವಾದರೆ ಅದಕ್ಕೆ ಕನ್ನಡವೂ ಕಾರಣ ಅಲ್ಲ, ಇಂಗ್ಲಿಷೂ ಕಾರಣ ಅಲ್ಲ, ಮೊದಲು ಕಿವಿ ಪರೀಕ್ಷೆ ಮಾಡಿಸಿ. ನಮ್ಮ ಕಡೆ ಬಜೆ ತೇದು ನಾಲಿಗೆಗೆ ಹಚ್ಚಿದರೆ ಮಾತು ಬರುತ್ತದೆ ಅಂತಾರೆ, "ಅವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು" ಅಂತ ಕಾಯುತ್ತಾರೆ. ಕಿವಿ ಕೇಳದ ಕೂಸು ಕೂಡ ಮೊದಮೊದಲು ಊಂ ಆ ಅನ್ನುತ್ತದೆ, ಮನೆಯವರಿಗೆ ಅನುಮಾನವೇ ಬರುವುದಿಲ್ಲ. ಆಮೇಲೆ ಬರಬೇಕಾದ ಬಬಬ, ದದದ ಬರದೆ ನಿಲ್ಲುತ್ತದೆ. ಒಂದು ವರ್ಷಕ್ಕೆ ಹೆಸರು ಕರೆದರೆ ತಿರುಗಲಿಲ್ಲ, ಒಂದೂವರೆ ವರ್ಷ ದಾಟಿದರೂ ಒಂದು ಪದ ಇಲ್ಲ, ಎರಡು ವರ್ಷಕ್ಕೆ "ಅಮ್ಮ ಬಾ" ಅಂತ ಎರಡು ಪದ ಜೋಡಿಸಲಿಲ್ಲ ಅಂದರೆ ತೋರಿಸಿ. ಮಲಗಿ ನಿದ್ದೆ ಮಾಡುವ ಹಸುಗೂಸಿಗೂ ಮಾಡುವ ಪರೀಕ್ಷೆ ಇದೆ, ಮಗು ಉತ್ತರ ಹೇಳಬೇಕಾಗಿಲ್ಲ. ನಮ್ಮ ಮೈಸೂರಿನಲ್ಲೇ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ದೂರದೂರದಿಂದ ಜನ ಮಗು ಎತ್ತಿಕೊಂಡು ಬರುತ್ತಾರೆ, ಇಲ್ಲೇ ಇರುವ ನಾವು ಬಜೆ ತೇಯುತ್ತೇವೆ.

ಇದನ್ನು ಇಷ್ಟು ಬಿಗಿಯಾಗಿ ಯಾಕೆ ಹೇಳುತ್ತೇನೆ ಅಂದರೆ, ನನ್ನ ಕ್ಲಾಸಿನಲ್ಲಿ ಒಂದು ಹುಡುಗಿ ಇದ್ದಳು. ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂರುವಳು, ಕರೆದರೆ ನಗುವಳು. ದಡ್ಡಿ ಅಂತಲೇ ನಾನು ತಿಳಿದಿದ್ದೆ. ಎರಡು ಏಟೂ ಕೊಟ್ಟಿದ್ದೇನೆ. ಅರ್ಧ ವರ್ಷ ಕಳೆದ ಮೇಲೆ ಕಿವಿ ಅಂತ ಗೊತ್ತಾಯಿತು. ಆ ಏಟು ಈಗಲೂ ನನ್ನ ಕೈಯಲ್ಲೇ ಇದೆ.

ಪತ್ರಿಕೆಯವರಲ್ಲಿ ನನ್ನ ಕೋರಿಕೆ ಇಷ್ಟೇ. ಪ್ಲೇಸ್ಕೂಲಿನ ಜಾಹೀರಾತು ದಿನಾ ಹಾಕುತ್ತೀರಿ, ಹಾಕಿ. ಜೊತೆಗೆ ವಾಕ್ ಶ್ರವಣ ತಜ್ಞರಿಂದ ತಿಂಗಳಿಗೊಂದು ಸಲ ನಾಲ್ಕು ಮಾತು ಬರೆಸಿ, ಸುಲಭ ಕನ್ನಡದಲ್ಲಿ. ಇಂಥ ಚೀಟಿ ಅಂಟಿಸುವ ಶಾಲೆಗಳು, ಇದನ್ನು ಯಾವ ತಜ್ಞರು ಹೇಳಿದರು ಅಂತಲೂ ಚೀಟಿಯಲ್ಲೇ ಬರೆಯಲಿ.

ಮಗ ಸೊಸೆ ಜೊತೆ ಮೊನ್ನೆ ಭಾನುವಾರ ಕೂತು ಮಾತಾಡಿದೆ. ಸೊಸೆ ಒಪ್ಪಿದ್ದಾಳೆ, ಮಗ "ನೋಡೋಣ ಅಮ್ಮ" ಅಂದಿದ್ದಾನೆ. ಡೈರಿಯಲ್ಲಿ ಆ ಚೀಟಿಯ ಕೆಳಗೆ ನಾನೇ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಸಹಿ ಹಾಕಿ ಕಳಿಸಿದೆ. ಇನ್ನೂ ಉತ್ತರ ಬಂದಿಲ್ಲ. ಇದನ್ನು ಬರೆಯುತ್ತಿರುವಾಗ ಮೊಮ್ಮಗ ಪಕ್ಕಕ್ಕೆ ಬಂದು, "ಅಜ್ಜಿ ಏನ್ ಬಲೀತಿದೀಯ?" ಅಂದ. ಕಾಗದ ಕಣೋ ಅಂದೆ. "ಯಾಲಿಗೆ?" ಪೇಪರಿನವರಿಗೆ ಅಂದೆ. "ಪೇಪಲ್ ಮೇಲೆ ಅವಲೆಕಾಯಿ ಆಕು" ಅಂದ.

ಇತಿ,
ಒಬ್ಬ ಅಜ್ಜಿ, ನಿವೃತ್ತ ಶಿಕ್ಷಕಿ
ಮೈಸೂರು